ಹಾರಿಸುವ ಮೊದಲು ಹತ್ತಿಸುವ ಮೆಟ್ಟಿಲಮ್ಮ

ವಿಮಾನದ ಟಿಕೆಟ್ ಮಾರುವವರು ಸಾಮಾನ್ಯವಾಗಿ ನೆಲಮಹಡಿಯಲ್ಲಿರುತ್ತಾರೆ. ಗಾಜಿನ ಬಾಗಿಲು, ಒಳಗೆ ತಣ್ಣನೆಯ ಗಾಳಿ, ಗೋಡೆಯ ಮೇಲೆ ಯಾರೂ ಕಂಡಿರದ ಸಮುದ್ರತೀರದ ಚಿತ್ರ, ಮೇಜಿನ ಮೇಲೆ ಅಂಗೈಯಗಲದ ಆಟಿಕೆ ವಿಮಾನ. ಒಳಗೆ ಕಾಲಿಟ್ಟವನು ಟಿಕೆಟ್ ಇಲ್ಲದೆ ಹೊರಗೆ ಬರಬಾರದು ಎಂಬುದು ಆ ವ್ಯಾಪಾರದ ಧರ್ಮ. ಮೆಟ್ಟಿಲಮ್ಮನ ಕಚೇರಿ ಮಾತ್ರ ಮೂರನೆಯ ಮಹಡಿಯಲ್ಲಿದೆ. ಅಲ್ಲಿಗೆ ಹೋದವರಲ್ಲಿ ಎಷ್ಟೋ ಮಂದಿ ಟಿಕೆಟ್ಟಿನ ಬದಲು ಡಾಕ್ಟರ ವಿಳಾಸ ಹಿಡಿದುಕೊಂಡು ಕೆಳಗಿಳಿಯುತ್ತಾರೆ. ಹೀಗಿದ್ದೂ ವ್ಯಾಪಾರ ಇಷ್ಟು ವರ್ಷ ಹೇಗೆ ನಡೆಯಿತು ಎಂದು ಕೇಳಿದರೆ ಆಕೆಯದು ಒಂದೇ ಉತ್ತರ: "ಸುಖವಾಗಿ ವಾಪಸ್ ಬಂದವರು ತಾನೇ ಇನ್ನೊಂದ್ಸಲ ಟಿಕೆಟ್ ತಗೊಳ್ಳೋದು?"

ಆ ಕಟ್ಟಡಕ್ಕೆ ಲಿಫ್ಟ್ ಇದೆ. ಚೆನ್ನಾಗಿಯೇ ಓಡುತ್ತದೆ. ಆದರೆ ವಯಸ್ಸಾದ ಗಿರಾಕಿಗಳು ಬರುತ್ತಾರೆಂದು ಫೋನಿನಲ್ಲಿ ತಿಳಿದ ದಿನ ಅದರ ಬಾಗಿಲಿಗೆ "ಲಿಫ್ಟ್ ಕೆಟ್ಟಿದೆ, ದಯವಿಟ್ಟು ಸಹಕರಿಸಿ" ಎಂಬ ಹಲಗೆ ಬೀಳುತ್ತದೆ. ಬಸುರಿಯರು, ಊರುಗೋಲಿನವರು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು ಬಂದರೆ ಕಣ್ಣುಮುಚ್ಚಿ ಬಿಡುವುದರೊಳಗೆ ಹಲಗೆ ಮಾಯ. ಉಳಿದವರೆಲ್ಲ ಹತ್ತಲೇಬೇಕು. ನೆಲಮಹಡಿಯ ಕನ್ನಡಕದ ಅಂಗಡಿ ದಾಟಿ, ಮೊದಲ ಮಹಡಿಯ ಗೋದಾಮು ದಾಟಿ, ಎರಡನೆಯ ಮಹಡಿಯ ಹೊಲಿಗೆ ತರಗತಿಯ ಗಡಗಡ ಸದ್ದು ದಾಟಿ ಮೇಲೆ ಬರಬೇಕು. ಮೇಲೆ ಕಟಕಟೆಗೆ ಒರಗಿಕೊಂಡು, ಕೈಯಲ್ಲಿ ಚಹಾದ ಲೋಟ ಹಿಡಿದುಕೊಂಡು ಮೆಟ್ಟಿಲಮ್ಮ ನಿಂತಿರುತ್ತಾರೆ. ನೋಡಿದವರಿಗೆ ಬಿಡುವಿನಲ್ಲಿ ಚಹಾ ಕುಡಿಯುತ್ತಿರುವಂತೆ ಕಾಣುತ್ತದೆ. ಕಿವಿಯೆಲ್ಲ ಕೆಳಗೆ. ಹೆಜ್ಜೆ ಎಲ್ಲಿ ನಿಧಾನವಾಯಿತು, ಎಲ್ಲಿ ನಿಂತಿತು, ಕಂಬಿ ಎಲ್ಲಿ ಕಿರುಗುಟ್ಟಿತು, ಮೇಲೆ ಬಂದ ಮನುಷ್ಯ ನಮಸ್ಕಾರವನ್ನು ಒಂದೇ ಉಸಿರಿಗೆ ಹೇಳಿದನೋ ಎರಡು ಕಂತಿನಲ್ಲಿ ಹೇಳಿದನೋ, ಎಲ್ಲವೂ ಲೆಕ್ಕಕ್ಕೆ.

ಎದುರು ಬಾಗಿಲಿನ ಹಲ್ಲಿನ ಡಾಕ್ಟರು ಮೊದಮೊದಲು ಜಗಳಕ್ಕೇ ಬಂದಿದ್ದರು. "ಏನಮ್ಮಾ ನಿಮ್ಮ ಕಾಟ? ನನ್ನ ಪೇಷೆಂಟ್‌ಗಳೂ ಮೂರು ಮಹಡಿ ಹತ್ತಬೇಕಾ?" ಎಂದು. ಆಮೇಲೆ ರಾಜಿಯಾದರು. "ಒಂದು ಅನುಕೂಲ ಇದೆ ಬಿಡಿ. ಬಾಯಿ ತೆರೀರಿ ಅಂತ ಯಾರಿಗೂ ಹೇಳೋ ಹಂಗಿಲ್ಲ, ತೆರೆದುಕೊಂಡೇ ಬರ್ತಾರೆ."

ಆಕೆಯ ನಿಜವಾದ ಹೆಸರು ಏನೋ ಇದೆ, ಬಾಗಿಲ ಮೇಲೆ ಬರೆದಿದೆ ಕೂಡ. ಅಷ್ಟು ದೂರ ಹತ್ತಿದವರಿಗೆ ಅದನ್ನು ಓದುವ ತಾಳ್ಮೆ ಉಳಿದಿರುವುದಿಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಮೆಟ್ಟಿಲಮ್ಮ.

ಈ ಮೆಟ್ಟಿಲಿನ ಹುಚ್ಚು ಯಾಕೆ ಹಿಡಿಯಿತೆಂದರೆ ಅದಕ್ಕೆ ಆಕೆಯ ಅತ್ತೆಯವರು ಕಾರಣ. ಮೆಟ್ಟಿಲಮ್ಮ ಆಗಿನ್ನೂ ಬೇರೆಯವರ ಕಚೇರಿಯಲ್ಲಿ ಟಿಕೆಟ್ ಟೈಪು ಮಾಡುತ್ತಿದ್ದ ಸೊಸೆ. ಅತ್ತೆಯನ್ನು ಕರೆದುಕೊಂಡು ದೂರದೇಶದಲ್ಲಿದ್ದ ಮೈದುನನ ಮನೆಗೆ ಹೊರಟರು. ಇನ್ಶೂರೆನ್ಸ್‌ನವರು ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದ್ದಕ್ಕೆ ಅತ್ತೆಯವರು, "ಗುರುತು ಪರಿಚಯ ಇಲ್ಲದೋರಿಗೆ ನನ್ನ ಮೈ ವಿಷಯ ಯಾಕೆ ಹೇಳಬೇಕು? ಇಲ್ಲ ಅನ್ನು" ಎಂದರು. ಸೊಸೆ ಇಲ್ಲ ಅಂದಳು. ಇನ್ಸುಲಿನ್ ಕೈಚೀಲದಲ್ಲಿದ್ದರೆ ಪಕ್ಕದ ಸೀಟಿನವರು ನೋಡುತ್ತಾರೆಂದು ಅತ್ತೆಯವರು ಅದನ್ನು ದೊಡ್ಡ ಪೆಟ್ಟಿಗೆಯ ತಳಕ್ಕೆ ಸೇರಿಸಿದರು. ವಿಮಾನ ಬದಲಿಸುವ ಊರಿನಲ್ಲಿ ಅತ್ತೆ ಸೊಸೆ ಇಳಿದರು, ಪೆಟ್ಟಿಗೆ ಇಳಿಯಲಿಲ್ಲ. ಅದಕ್ಕಾಗಿ ಕಾಯುತ್ತ ಅಲ್ಲೇ ಉಳಿದಿದ್ದಾಗ ಮರುದಿನ ಅತ್ತೆಗೆ ಪ್ರಜ್ಞೆ ತಪ್ಪಿತು. ಭಾಷೆ ಬಾರದ ಊರಿನ ಆಸ್ಪತ್ರೆಯ ಬೆಂಚಿನ ಮೇಲೆ ಸೊಸೆ ಒಬ್ಬಳೇ ಕುಳಿತಳು. ಇನ್ಶೂರೆನ್ಸ್‌ನವರು ಫೋನಿನಲ್ಲಿ ಬಹಳ ಮರ್ಯಾದೆಯಿಂದ, "ಸಕ್ಕರೆ ಇಲ್ಲ ಅಂತ ತಾವೇ ಹೇಳಿದ್ದಿರಿ" ಅಂದರು. ಅತ್ತೆಯವರು ಬದುಕಿ ಬಂದರು. ಬಂದು, ಬಹಳ ವರ್ಷ ಗಟ್ಟಿಮುಟ್ಟಾಗಿದ್ದು, ಸೊಸೆ ಪೆಟ್ಟಿಗೆ ಕಳೆದದ್ದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡಿದ್ದರು.

"ಕುರ್ಚೀಲಿ ಕೂತ ಮನುಷ್ಯನಿಗೆ ಯಾವ ಕಾಯಿಲೇನೂ ಇರಲ್ಲ," ಎನ್ನುತ್ತಾರೆ ಮೆಟ್ಟಿಲಮ್ಮ. "ಬಿಪಿ ಇದೆಯಾ? ಇಲ್ಲ. ಸಕ್ಕರೆ? ಇಲ್ಲ. ಎದೆನೋವು? ಛೆ ಛೆ. ಮತ್ತೆ ಜೇಬಲ್ಲಿ ಆ ಮಾತ್ರೆ ಯಾಕಿದೆ? ಅದಾ, ಅದು ಅಭ್ಯಾಸ! ಅದಕ್ಕೇ ನಾನು ಮೊದಲು ಹತ್ತಿಸ್ತೀನಿ, ಆಮೇಲೆ ಕೂರಿಸ್ತೀನಿ."

ಇಂಥ ಮೆಟ್ಟಿಲಮ್ಮನನ್ನು ಒಮ್ಮೆ ಮೋಸಗೊಳಿಸಿದ ಕೀರ್ತಿ ನಮ್ಮ ಭಾವನಿಗೆ ಸಲ್ಲಬೇಕು.

ಭಾವ, ಅಂದರೆ ನನ್ನ ಅಕ್ಕನ ಗಂಡ, ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರು. ನಿವೃತ್ತಿಯಾದದ್ದು ಇಲಾಖೆಗೆ ಮಾತ್ರ ಗೊತ್ತು; ಭಾವನಿಗೆ ಇನ್ನೂ ಸುದ್ದಿ ತಲುಪಿಲ್ಲ. ಈಗಲೂ ತರಕಾರಿ ಕೊಳ್ಳಲು ಹೋದರೆ ಮೊದಲು ತಕ್ಕಡಿಯ ತಟ್ಟೆಯನ್ನು ಎತ್ತಿ ಅಡಿಭಾಗ ನೋಡುತ್ತಾರೆ, ಆಮೇಲೆ ತರಕಾರಿ ನೋಡುತ್ತಾರೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನಾವೆಲ್ಲ ಕಂಡಿದ್ದೇವೆ. ಭಾವನದು ಒಂದು ಹೆಜ್ಜೆ ಮುಂದೆ: ಆ ಮೂರು ಕಾಲಿಗೂ ಇಲಾಖೆಯ ಮೊಹರು ಬಿದ್ದಿರುತ್ತದೆ.

ಅವರಿಗೆ ಒಬ್ಬಳೇ ಮಗಳು. ಸಮುದ್ರದಾಚೆಯ ಊರಿನಲ್ಲಿ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಅಳಿಯ ಸರಕು ಹಡಗಿನಲ್ಲಿ ಅಡುಗೆಯವನು. ಮಗಳು ಬಸುರಿಯಾದಳು, ಡಾಕ್ಟರು ದಿನ ಕೊಟ್ಟರು. ಆ ದಿನಕ್ಕೆ ಅಳಿಯನ ಹಡಗು ನಡುಗಡಲಿನಲ್ಲಿರುತ್ತದೆ. "ಅಮ್ಮಾ, ನೀನು ಬಂದ್ರೆ ಸಾಕು, ಇನ್ನೇನೂ ಬೇಡ" ಎಂದು ಮಗಳು ಫೋನು ಮಾಡಿದಳು.

ಅಕ್ಕ ಮದುವೆಯಾದ ಮೇಲೆ ಒಬ್ಬಳೇ ಬಸ್ಸು ಕೂಡ ಹತ್ತಿದವಳಲ್ಲ. ಟಿಕೆಟ್ ಯಾವತ್ತೂ ಭಾವನ ಜೇಬಿನಲ್ಲೇ. "ಇಬ್ಬರೂ ಹೋಗ್ತೀವಿ," ಎಂದು ಭಾವ ಸಾರಿದರು. "ನಾನಿಲ್ಲದೆ ಇವಳು ಹೋದ್ರೆ ವಿಮಾನದ ಬಾಗಿಲು ಯಾವುದು ಕಿಟಕಿ ಯಾವುದು ಅಂತ ಗೊತ್ತಾಗದೆ ನಿಂತಿರ್ತಾಳೆ." ತಾವೂ ವಿಮಾನವನ್ನು ಕಂಡದ್ದು ಆಕಾಶದಲ್ಲಿ ಮಾತ್ರ ಎಂಬ ಸಣ್ಣ ವಿಷಯವನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೆಟ್ಟಿಲಿನ ಪರೀಕ್ಷೆಯ ಸುದ್ದಿ ಭಾವನ ಕಿವಿಗೂ ಬಿದ್ದಿತ್ತು. ಎಲ್ಲರಿಗೂ ಗೊತ್ತಿರುವ ಗುಟ್ಟು ಅದು. "ಪರೀಕ್ಷೆ ಮಾಡೋರನ್ನೇ ಪರೀಕ್ಷೆ ಮಾಡಿದವನು ಕಣಯ್ಯಾ ನಾನು," ಎಂದು ನನ್ನ ಬೆನ್ನು ತಟ್ಟಿದರು. "ಅವರು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ತೀನಿ." ಎಂದಿನ ಜಂಬ ಎಂದುಕೊಂಡೆ.

ಹೋದ ದಿನ ಹಲಗೆ ತೂಗುತ್ತಿತ್ತು. ಭಾವ, ಅಕ್ಕ ಬಂದಿದ್ದಾರೆಂದು ಹೇಳಲು ನಾನು ಮುಂದಾಗಿ ಮೇಲೆ ಹತ್ತಿ ಮೆಟ್ಟಿಲಮ್ಮನ ಪಕ್ಕದಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಭಾವ ಶಿಳ್ಳೆ ಹಾಕಿಕೊಂಡು, ಕಂಬಿಯನ್ನು ಬೆರಳ ತುದಿಯಿಂದಲೂ ಮುಟ್ಟದೆ, ತಿರುವಿನಲ್ಲಿ ಕಾಣಿಸಿಕೊಂಡು ಕೊನೆಯ ಸಾಲು ಮೆಟ್ಟಿಲನ್ನು ಟಕಟಕನೆ ಹತ್ತಿ ಬಂದರು. ಹಿಂದೆ ಅಕ್ಕ.

"ನಮಸ್ಕಾರಮ್ಮಾ!" ಒಂದೇ ಕಂತು.

"ಪರವಾಗಿಲ್ಲ ಸಾರ್, ಹುಡುಗರ ಥರ ಹತ್ತಿದ್ರಿ," ಎಂದರು ಮೆಟ್ಟಿಲಮ್ಮ.

"ಸರ್ಕಾರಿ ಮೈ ಅಮ್ಮಾ, ತುಕ್ಕು ಹಿಡಿಯಲ್ಲ."

ಒಳಗೆ ಕುಳಿತು ಇನ್ಶೂರೆನ್ಸಿನ ಪ್ರಶ್ನೆಗಳು ಶುರುವಾದವು. ಅಕ್ಕ, "ಬಿಪಿ ಇದೆ, ಬೆಳಿಗ್ಗೆ ಒಂದು ಮಾತ್ರೆ" ಎಂದು ಇದ್ದದ್ದು ಇದ್ದ ಹಾಗೆ ಹೇಳಿದಳು. ಭಾವ ಪ್ರತಿಯೊಂದಕ್ಕೂ ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವ ಗತ್ತಿನಲ್ಲಿ "ಇಲ್ಲ" ಎಂದರು. ಮೆಟ್ಟಿಲು ಪಾಸು ಮಾಡಿದವರನ್ನು ಮೆಟ್ಟಿಲಮ್ಮ ಹೆಚ್ಚು ಕೆದಕುವುದಿಲ್ಲ. ಅಕ್ಕಪಕ್ಕದ ಎರಡು ಸೀಟು ನಿಗದಿಯಾಯಿತು.

ಅದಾದ ಸ್ವಲ್ಪ ದಿನಕ್ಕೆ ಅಕ್ಕ ನನಗೆ ಫೋನು ಮಾಡಿ, "ಕನ್ನಡಕದ ಕಡ್ಡಿ ಸಡಿಲ ಆಗಿದೆ ಕಣೋ, ಆ ಅಂಗಡಿಗೆ ಕರ್ಕೊಂಡು ಹೋಗು" ಎಂದಳು. ಹೋದೆವು. ಅಂಗಡಿಯ ಮುಂದೆ ಹೋದವಳು ಒಳಗೆ ಕಾಲಿಡದೆ ಸೀದಾ ಲಿಫ್ಟಿನ ಕಡೆ ನಡೆದಳು. ಅವತ್ತು ಹಲಗೆ ಇರಲಿಲ್ಲ. "ಓ, ರಿಪೇರಿ ಆಯ್ತಾ?" ಎಂದಳು. ನಾನು ಹಲ್ಲಿನ ಡಾಕ್ಟರ ಫಲಕವನ್ನು ಬಹಳ ಆಸಕ್ತಿಯಿಂದ ಓದಿದೆ.

ಮೇಲೆ ಹೋಗಿ ಕುಳಿತು, ನೀರು ಕುಡಿದು, ಅಕ್ಕ ಹೇಳಿದಳು: "ಅಮ್ಮಾ, ನಿಮ್ಮ ಮೆಟ್ಟಿಲಿಗೆ ನಮ್ಮನೆಯವರು ಟೋಪಿ ಹಾಕಿದ್ದಾರೆ."

ಮೆಟ್ಟಿಲಮ್ಮನ ಮುಖ ನೋಡಬೇಕಿತ್ತು. ಮನೆಯ ನಾಯಿಯೇ ಕಳ್ಳನಿಗೆ ಬಾಲ ಅಲ್ಲಾಡಿಸಿತು ಎಂದು ಕೇಳಿದವರ ಮುಖ. "ಹೇಗೆ?"

"ಗೋಡೆ ಮೇಲೆ ಕನ್ನಡಕದ ಅಂಗಡಿಯವರ ಪೋಸ್ಟರ್ ಇದಾವಲ್ಲ, ತಿರುವು ತಿರುವಿಗೂ? ಒಂದೊಂದರ ಮುಂದೂ ನಿಂತ್ರು. ನೋಡೋರಿಗೆ ಪೋಸ್ಟರ್ ನೋಡ್ತಿದ್ದಾರೆ ಅನ್ನಬೇಕು. ಉಸಿರು ಸರಿಹೋದ ಮೇಲೆ ಮುಂದಕ್ಕೆ. ನಿಮ್ಮ ಕಿವಿಗೆ ಅನುಮಾನ ಬರಬಾರದು ಅಂತ ನಿಂತಲ್ಲೇ ಕಾಲು ಬಡೀತಿದ್ರು. ಕೊನೇ ಪೋಸ್ಟರ್ ಮುಂದೆ ನಿಂತು, 'ಈ ಕನ್ನಡಕ ನಿನಗೆ ಚೆನ್ನಾಗಿ ಒಪ್ಪುತ್ತೆ ಕಣೇ' ಅಂದ್ರು. ಮದುವೆಯಾಗಿ ಇಷ್ಟು ವರ್ಷ ಆಯ್ತು, ನನ್ನ ಮುಖಕ್ಕೆ ಏನು ಒಪ್ಪುತ್ತೆ ಅಂತ ಅವರು ಹೇಳಿದ್ದು ಅದೇ ಮೊದಲು. ಆಗಲೇ ಖಾತ್ರಿ ಆಯ್ತು ನಂಗೆ, ಇವರಿಗೆ ಏನೋ ದೊಡ್ಡದೇ ಆಗಿದೆ ಅಂತ."

ನನಗೆ ನಗು ಬಂತು. ಅಕ್ಕನ ಕಣ್ಣು ನೋಡಿ ನುಂಗಿಕೊಂಡೆ. ಚಳಿಗಾಲದಿಂದಲೂ ಭಾವ ಮನೆಯ ಮುಂದಿನ ಏರು ರಸ್ತೆಯಲ್ಲಿ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ನಿಲ್ಲುತ್ತಿದ್ದರಂತೆ. ಅಕ್ಕ ನೋಡಿಯೂ ನೋಡದ ಹಾಗಿದ್ದಳು. ಬಾಯಿಬಿಟ್ಟು ಕೇಳಿದರೆ ಪ್ರಯಾಣ ನಿಲ್ಲುತ್ತದೆ, ಮಗಳು ಹೆರಿಗೆಯಲ್ಲಿ ಒಬ್ಬಳೇ ಆಗುತ್ತಾಳೆ. ಕೇಳದೆ ಬಿಟ್ಟರೆ ಮೋಡದ ಮೇಲೆ ಗಂಡನಿಗೆ ಏನಾದರೂ ಆದೀತು. "ಒಂದು ಕಣ್ಣಿಗೆ ಬೆಣ್ಣೆ ಇನ್ನೊಂದು ಕಣ್ಣಿಗೆ ಸುಣ್ಣ ಹಾಕು ಅಂದ ಹಾಗಾಯ್ತಲ್ಲಮ್ಮಾ. ಎರಡೂ ನನ್ನ ಕಣ್ಣೇ," ಎಂದಳು ಅಕ್ಕ.

ಮೆಟ್ಟಿಲಮ್ಮ ಎದ್ದು ಹೊರಗೆ ಹೋಗಿ, ಕಟಕಟೆ ಹಿಡಿದು ಮೆಟ್ಟಿಲನ್ನೇ ನೋಡುತ್ತ ನಿಂತು, ಮರಳಿ ಬಂದರು. "ತಪ್ಪು ನಂದು. ನಾನು ಮೇಲೆ ನಿಂತು ಕೇಳ್ತಿದ್ದೆ. ಕೆಳಗೆ ಬರಬೇಕಿತ್ತು." ನಂತರ ನನ್ನ ಕಡೆ ತಿರುಗಿ, "ನಿಮ್ಮ ಭಾವನಿಗೆ ಫೋನು ಹಚ್ಚಿ" ಎಂದರು.

ಫೋನಿನಲ್ಲಿ ಹೇಳಿದ್ದಿಷ್ಟು: "ಸಾರ್, ನನ್ನ ಮೆಟ್ಟಿಲಿನ ಮೇಲೆ ದೂರು ಬಂದಿದೆ. ತೂಕದಲ್ಲಿ ಮೋಸ ಅಂತೆ. ನಿಮ್ಮಂಥ ಅನುಭವಸ್ಥರು ಬಂದು ಒಂದ್ಸಲ ಪರೀಕ್ಷೆ ಮಾಡಿಕೊಟ್ರೆ ಉಪಕಾರ ಆಗುತ್ತೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಸಾಮಾನ್ಯ ಕಳ್ಳರ ಲಕ್ಷಣ. ಭಾವ ಹೆಗಲಿಗೆ ಹಳೆಯ ಇಲಾಖೆಯ ಕೋಟು ಏರಿಸಿಕೊಂಡು ಮರುದಿನವೇ ಹಾಜರಾದರು. ಅಷ್ಟರಲ್ಲಿ ಮೆಟ್ಟಿಲಮ್ಮ ಪ್ರತಿ ತಿರುವಿನಲ್ಲೂ ಒಂದೊಂದು ಕುರ್ಚಿ ಹಾಕಿಸಿದ್ದರು. ಹಲ್ಲಿನ ಡಾಕ್ಟರಿಗೆ ಬಾಗಿಲು ತೆರೆದುಕೊಂಡೇ ಇರಿ ಎಂದು ಹೇಳಿದ್ದರು. "ನಾನು ಹಲ್ಲಿನವನಮ್ಮಾ" ಎಂದು ಅವರು ಗೋಗರೆದರೆ, "ಎದೆ ಬಾಯಿಂದ ಎಷ್ಟು ದೂರ? ನಿಮಗಿಂತ ಹತ್ತಿರದ ಡಾಕ್ಟರು ಈ ಕಟ್ಟಡದಲ್ಲಿಲ್ಲ" ಎಂದು ಬಾಯಿ ಮುಚ್ಚಿಸಿದರು. ಅಕ್ಕನನ್ನು ಮೊದಲೇ ಕರೆಸಿ ಮೇಲೆ ಕೂರಿಸಿದ್ದರು. ಅಕ್ಕ ಹೆದರಿದ್ದಳು. "ಏನೂ ಆಗಲ್ಲ. ಮಾತು ತಡವರಿಸಿದ ಕೂಡಲೇ ನಿಲ್ಲಿಸ್ತೀನಿ. ಅವರ ರಸ್ತೆಯಷ್ಟೂ ಏರು ಇಲ್ಲ ಇದು," ಎಂದು ಹೇಳಿ, ಮಂಡಿಗೆ ಕೈಕೊಟ್ಟು ಮೆಟ್ಟಿಲಮ್ಮ ಬೀದಿಬಾಗಿಲಿಗೆ ಇಳಿದರು. ನಾನು ಅಲ್ಲಿ ಭಾವನ ಜೊತೆ ನಿಂತಿದ್ದೆ.

"ನಿಧಾನವಾಗಿ ಹೋಗೋಣ ಸಾರ್, ನಂಗೆ ಮಂಡಿನೋವು. ಅಂದಹಾಗೆ, ನೀವು ಯಾವುದೋ ಚಿನ್ನದ ಅಂಗಡಿ ತಕ್ಕಡಿ ಹಿಡಿದಿದ್ರಂತಲ್ಲ?"

ಭಾವನ ಮುಖ ಅರಳಿತು. ಆ ಕಥೆಯನ್ನು ಕೇಳುವವರು ಸಿಗದೆ ಅವರು ಸೊರಗಿದ್ದರು. ನಮ್ಮ ಮನೆಯಲ್ಲಿ ಅದು ಬಾಯಿಪಾಠವಾಗಿ ಹೋಗಿದೆ. "ಅಯ್ಯೋ, ಅದಾ? ದೊಡ್ಡ ವ್ಯಾಪಾರಿ ಅಮ್ಮಾ. ಎಲ್ಲರೂ ಹೆದರೋರು. ನಾನು ಹೋದೆ. ಏನ್ರೀ, ತಕ್ಕಡಿ ತೋರಿಸಿ ಅಂದೆ..."

ಮೊದಲ ಪೋಸ್ಟರು ಬಂತು. ಕಥೆ ರಂಗೇರಿದ್ದರಿಂದ ಭಾವನಿಗೆ ನಿಲ್ಲಲಾಗಲಿಲ್ಲ. ಪೋಸ್ಟರ್ ನೋಡಲು ನಿಂತರೆ ವ್ಯಾಪಾರಿ ತಪ್ಪಿಸಿಕೊಳ್ಳುತ್ತಾನೆ. ಗೋದಾಮು ದಾಟಿದೆವು. "ತಟ್ಟೆ ಎತ್ತಿದೆ... ಏನೂ ಇಲ್ಲ... ಕಾಲಡಿ... ಕಾಲಡಿ ನೋಡ್ದೆ..." ವಾಕ್ಯಗಳು ಗಿಡ್ಡವಾಗುತ್ತ ಬಂದವು. ಮೆಟ್ಟಿಲಮ್ಮ ಅವರ ಮುಖವನ್ನೇ ನೋಡುತ್ತ ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು. ಹೊಲಿಗೆ ತರಗತಿಯ ತಿರುವಿಗೆ ಬರುವಾಗ ಕಥೆಯಲ್ಲಿ ಅಯಸ್ಕಾಂತ ಸಿಗಬೇಕಿತ್ತು. ಸಿಗಲಿಲ್ಲ. ಭಾವ ಬಾಯಿ ತೆರೆದರು, ಮಾತು ಹೊರಡಲಿಲ್ಲ. ಕೈ ಎದೆಗೆ ಹೋಯಿತು; ನಾವು ನೋಡುತ್ತಿದ್ದೇವೆಂದು ನೆನಪಾಗಿ ಕೋಟಿನ ಗುಂಡಿ ಸರಿಮಾಡುವ ನೆಪ ಹುಡುಕಿತು.

"ಸಾಕು ಸಾರ್. ಕೂತ್ಕೊಳ್ಳಿ."

ಭಾವ ಕುಳಿತರು. ಮೆಟ್ಟಿಲಮ್ಮ ಕುರ್ಚಿಯ ಪಕ್ಕದ ಮೆಟ್ಟಿಲಿನ ಮೇಲೇ ಕುಳಿತರು. ಒಳಗೆ ಹೊಲಿಗೆ ಯಂತ್ರಗಳು ಗಡಗಡ ಎನ್ನುತ್ತಿದ್ದವು. ಗಲ್ಲ ಊದಿಸಿಕೊಂಡ ಒಬ್ಬ ಹಲ್ಲುನೋವಿನವನು ನಮ್ಮ ಮೂವರನ್ನೂ ದಾಟಿಕೊಂಡು ಮೇಲೆ ಹೋದ.

ಉಸಿರು ತಹಬಂದಿಗೆ ಬಂದ ಮೇಲೆ ಭಾವ ಹೇಳಿದರು: "ಮೆಟ್ಟಿಲು ಸರಿಯಾಗಿದೆಯಮ್ಮಾ. ತಕ್ಕಡಿ ಮೋಸ ಮಾಡ್ಲಿಲ್ಲ. ಸರಕೇ ಕೆಟ್ಟಿತ್ತು."

"ಯಾವಾಗಿಂದ?"

"ಚಳಿಗಾಲದಿಂದ. ಹತ್ತಿದ್ರೆ ಎದೆ ಬಿಗಿಯುತ್ತೆ. ನಿಂತ್ರೆ ಹೋಗುತ್ತೆ."

"ಮತ್ತೆ ನನ್ನ ಮುಂದೆ ಎಲ್ಲಕ್ಕೂ ಇಲ್ಲ ಇಲ್ಲ ಅಂದ್ರಲ್ಲ ಸಾರ್?"

ಭಾವ ನನ್ನ ಕಡೆ ಒಮ್ಮೆ ನೋಡಿ, ಇವನ ಮುಂದೆ ಹೇಳಬೇಕಲ್ಲ ಎನ್ನುವ ಮುಖ ಮಾಡಿ, ಹೇಳಿದರು: "ಇದೆ ಅಂದ್ರೆ ಅವಳು ಹೊರಡ್ತಾಳಾ? ನನ್ನ ಬಿಟ್ಟು ಪಕ್ಕದ ಬೀದಿಗೂ ಹೋಗೋಳಲ್ಲ. ಮಗಳು ಅಲ್ಲಿ ಒಬ್ಬಳೇ. ಅಳಿಯ ಸಮುದ್ರದಲ್ಲಿ. ನಾನೂ ಬರ್ತೀನಿ ಅಂದ್ರೆ ತಾನೇ ಇವಳು ವಿಮಾನ ಹತ್ತೋದು? ಹೇಗಾದ್ರೂ ಮಾಡಿ ಅಲ್ಲಿವರೆಗೆ ತಲುಪಿಸಿಬಿಟ್ರೆ ಸಾಕು, ಆಮೇಲೆ ಏನಾದ್ರೂ ಆಗ್ಲಿ ಅಂತ..."

ಇಷ್ಟು ವರ್ಷ ಭಾವನ ಜಂಬವನ್ನು ಕಂಡು ನಕ್ಕವನು ನಾನು. ಆ ಜಂಬದ ಕೋಟಿನ ಒಳಜೇಬಿನಲ್ಲಿ ಇದನ್ನು ಬಚ್ಚಿಟ್ಟಿದ್ದಾರೆಂದು ಅಂದುಕೊಂಡಿರಲಿಲ್ಲ.

ಮೆಟ್ಟಿಲಮ್ಮ ಕರಗಲಿಲ್ಲ. ಅವರಿಗೆ ಸಿಟ್ಟು ಬಂತು. "ಏನಾದ್ರೂ ಆಗ್ಲಿ ಅಂದ್ರೆ ಏನು ಸಾರ್? ಮಗಳು ಒಂದು ಆಸ್ಪತ್ರೇಲಿ, ನೀವು ಇನ್ನೊಂದು ಆಸ್ಪತ್ರೇಲಿ, ಮಧ್ಯೆ ಭಾಷೆ ಬಾರದ ಊರಲ್ಲಿ ನಿಮ್ಮ ಹೆಂಡ್ತಿ ಓಡಾಡಬೇಕಾ? ಇನ್ಶೂರೆನ್ಸ್‌ನವರನ್ನ ಕೇಳಿದ್ರೆ, ಎದೆನೋವು ಇಲ್ಲ ಅಂದಿದ್ರಲ್ಲ ಅಂತ ಕೈ ತೊಳ್ಕೊಳ್ತಾರೆ. ನೀವು ಅವರನ್ನ ಮಗಳ ಮನೆಗೆ ತಲುಪಿಸ್ತಿಲ್ಲ. ನಮ್ಮತ್ತೆ ನನ್ನ ಕೂರಿಸಿದ್ರಲ್ಲ, ಆ ಬೆಂಚಿಗೆ ತಲುಪಿಸ್ತಿದ್ದೀರಿ."

ಭಾವ ತಲೆ ತಗ್ಗಿಸಿದರು. ಅವರ ತಲೆ ತಗ್ಗಿದ್ದನ್ನು ನಾನು ನೋಡಿದ್ದು ತಕ್ಕಡಿಯ ಅಡಿ ಪರೀಕ್ಷಿಸುವಾಗ ಮಾತ್ರ.

"ನಂಗೆ ಚಳಿಗಾಲದಿಂದಲೇ ಗೊತ್ತು ರೀ," ಎಂಬ ದನಿ ಮೇಲಿನಿಂದ ಬಂತು. ತಡೆಯಲಾರದೆ ಅಕ್ಕ ಇಳಿದು ಬಂದಿದ್ದಳು.

ಭಾವ ಬೆಚ್ಚಿದರು. "ಗೊತ್ತಿದ್ದೂ ಹೇಳ್ಲಿಲ್ವಾ?"

"ನೀವು ಹೇಳಿದ್ರಾ?"

"ನಾನು ಹೇಳ್ದೇ ಇದ್ದಿದ್ದು ನಿನಗೋಸ್ಕರ ಕಣೇ!"

"ಮತ್ತೆ ನಾನೇನು ಪಕ್ಕದ ಮನೆಯವರಿಗೋಸ್ಕರ ಸುಮ್ಮನಿದ್ನಾ?"

ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು. ಬಾಗಿಲಲ್ಲಿ ಕತ್ತರಿ ಹಿಡಿದ ಹೆಂಗಸರ ಗುಂಪು ಸೇರಿತು. ಮೇಲಿನಿಂದ ಹಲ್ಲಿನ ಡಾಕ್ಟರು ಇಣುಕಿ, "ನಾನು ಬರಬೇಕಾ, ಬೇಡ್ವಾ?" ಎಂದು ಕೇಳಿದರು. "ಬೇಡ, ಹಲ್ಲು ಗಟ್ಟಿಯಾಗೇ ಇದಾವೆ, ಕಚ್ಚಾಡ್ತಿದ್ದಾರೆ ನೋಡಿ," ಎಂದರು ಮೆಟ್ಟಿಲಮ್ಮ.

ಅವತ್ತು ಸಂಜೆಯೇ ಭಾವ ಹೃದಯದ ಡಾಕ್ಟರ ಮುಂದೆ ಕುಳಿತಿದ್ದರು. ಒಂದು ರಕ್ತನಾಳ ಕಟ್ಟಿಕೊಂಡಿತ್ತು. ಅದರೊಳಗೆ ಸ್ಟೆಂಟ್ ಇಟ್ಟು ದಾರಿ ಬಿಡಿಸಿದರು. "ಸರಿಯಾದ ಹೊತ್ತಿಗೆ ಬಂದಿರಿ. ಆದರೆ ನಾನು ಹೇಳೋವರೆಗೂ ವಿಮಾನದ ಮಾತೆತ್ತಬೇಡಿ," ಎಂದರು ಡಾಕ್ಟರು. ಅಕ್ಕ ಹೊರಡಬೇಕಾದ ದಿನ ಹತ್ತಿರದಲ್ಲೇ ಇತ್ತು.

"ನಾನು ಹೋಗಲ್ಲ," ಎಂದಳು ಅಕ್ಕ. ಅತ್ತ ಮಗಳು ಫೋನು ಮಾಡಿ, "ಅಮ್ಮಾ, ನೀನು ಅಪ್ಪನ ಹತ್ತಿರ ಇರು, ನಾನು ಹೇಗೋ ನೋಡ್ಕೊಳ್ತೀನಿ" ಎಂದು ಧೈರ್ಯದ ದನಿಯಲ್ಲಿ ಹೇಳಿ, ಫೋನಿಡುವುದಕ್ಕೆ ಮೊದಲೇ ಅತ್ತುಬಿಟ್ಟಳು.

ಭಾವ ಆಸ್ಪತ್ರೆಯ ಹಾಸಿಗೆಯ ಮೇಲಿಂದಲೇ ಆಜ್ಞೆ ಹೊರಡಿಸಿದರು. "ನೋಡು, ನನ್ನ ಸುತ್ತ ಡಾಕ್ಟರು ನರ್ಸು ಎಲ್ಲ ಇದ್ದಾರೆ. ಅವಳ ಸುತ್ತ ಯಾರಿದ್ದಾರೆ? ಮನೆಗೆ ಹೋದ ಮೇಲೆ ನಿನ್ನ ತಮ್ಮ ಇದ್ದಾನೆ. ಹೇಗಿದ್ರೂ ಅವನಿಗೆ ಬೇರೆ ಕೆಲಸ ಇಲ್ಲ." ನನ್ನ ಉದ್ಯೋಗ ಬರವಣಿಗೆ ಎಂದು ಅವರಿಗೆ ಗೊತ್ತಿದ್ದೇ ಹೇಳಿದ ಮಾತು ಅದು. ಆಮೇಲೆ ದನಿ ಇಳಿಸಿ, "ನೀನು ಒಬ್ಬಳೇ ಹೋಗಬಲ್ಲೆ ಕಣೇ. ನಾನೇ ಯಾವತ್ತೂ ನಿನ್ನ ಕೈಗೆ ಟಿಕೆಟ್ ಕೊಡ್ಲಿಲ್ಲ," ಎಂದರು. ಅಕ್ಕ ತುಂಬ ಹೊತ್ತು ಅವರ ಹೊದಿಕೆಯ ಅಂಚು ಮಡಿಸುತ್ತ ಕುಳಿತಿದ್ದಳು. ಏಳುವಾಗ, "ಒಂದು ಹೊತ್ತು ಮಾತ್ರೆ ತಪ್ಪಿಸಿದ್ರೂ ಅಲ್ಲಿಂದಲೇ ಬೈತೀನಿ" ಎಂದಳು. ಅಲ್ಲಿಗೆ ತೀರ್ಮಾನವಾಯಿತು.

ಅಕ್ಕನನ್ನು ಸಿದ್ಧಮಾಡಿದ್ದು ಮೆಟ್ಟಿಲಮ್ಮ. ಮನೆಗೇ ಬಂದು, ಕಟ್ಟಿದ್ದ ಪೆಟ್ಟಿಗೆ ಬಿಚ್ಚಿಸಿ, ಅಕ್ಕನ ಬಿಪಿ ಮಾತ್ರೆ ಎಲ್ಲಿದೆಯೆಂದು ಹುಡುಕಿದರು. ಪೆಟ್ಟಿಗೆಯ ತಳದಲ್ಲಿ, ಸೀರೆಗಳ ನಡುವೆ ಬೆಚ್ಚಗಿತ್ತು. "ಇದೇ ಜಾಗದಲ್ಲಿ ನಮ್ಮತ್ತೇನೂ ಇಟ್ಟಿದ್ರು!" ಎಂದು ಹಣೆ ಚಚ್ಚಿಕೊಂಡು ಅದನ್ನು ಡಾಕ್ಟರ ಚೀಟಿಯ ಸಮೇತ ಕೈಚೀಲಕ್ಕೆ ಹಾಕಿದರು. ಅದೇ ವಿಮಾನಕ್ಕೆ ಟಿಕೆಟ್ ಕೊಂಡಿದ್ದ, ಇಬ್ಬರು ಮಕ್ಕಳನ್ನು ಕರೆದುಕೊಂಡು ಹೊರಟಿದ್ದ ಒಬ್ಬ ತಾಯಿಯನ್ನು ಕೇಳಿ, ಒಪ್ಪಿಸಿ, ಪಕ್ಕದ ಸೀಟೇ ಕೊಡಿಸಿದರು. "ಅವರ ಮಕ್ಕಳನ್ನ ನೀವು ನೋಡ್ಕೊಳ್ಳಿ, ಕಾಗದಪತ್ರ ಅವರು ನೋಡ್ಕೊಳ್ತಾರೆ. ಆಗಾಗ ಎದ್ದು ಓಡಾಡಿ. ಪಕ್ಕದವರು ಮುಖ ಗಂಟಿಕ್ಕಿದ್ರೆ ಇಕ್ಕಲಿ, ಕಾಲಲ್ಲಿ ರಕ್ತ ಗಂಟು ಕಟ್ಟೋದಕ್ಕಿಂತ ವಾಸಿ." ವಿಮಾನ ನಿಲ್ದಾಣದ ಬಾಗಿಲಲ್ಲಿ ಅಕ್ಕ ಹಿಂತಿರುಗಿ ನೋಡುತ್ತಾಳೆಂದು ನಾನು ಕೈ ಎತ್ತಿಕೊಂಡೇ ನಿಂತಿದ್ದೆ. ಆ ಹೊತ್ತಿಗಾಗಲೇ ಸಣ್ಣ ಮಗುವೊಂದು ಅವಳ ಸೊಂಟ ಏರಿತ್ತು. ಅವಳು ನೋಡಲಿಲ್ಲ.

ಡಾಕ್ಟರು ಹೇಳಿದ ದಿನಕ್ಕಿಂತ ಮೊದಲೇ ಹೆರಿಗೆಯಾಯಿತು. ಹೆಣ್ಣು ಮಗು. ಹೆರಿಗೆ ಕೋಣೆಯಲ್ಲಿ ಮಗಳ ಕೈ ಹಿಡಿದುಕೊಂಡಿದ್ದವಳು ಅಕ್ಕನೇ.

ಇತ್ತ ಭಾವ, ಹೃದ್ರೋಗ ಬಂದದ್ದೇ ಒಂದು ಬಡ್ತಿ ಎಂಬಂತೆ ಓಡಾಡತೊಡಗಿದರು. ಬಚ್ಚಿಟ್ಟಿದ್ದ ಕಾಯಿಲೆಯನ್ನು ಈಗ ಹಾಲಿನವನಿಗೂ ವಿವರಿಸುತ್ತಿದ್ದರು. ಡಾಕ್ಟರು ಹಾರಲು ಒಪ್ಪಿಗೆ ಕೊಟ್ಟ ಮೇಲೆ ಮೆಟ್ಟಿಲಮ್ಮನ ಮುಂದೆ ಇನ್ಶೂರೆನ್ಸಿಗೆ ಕುಳಿತಾಗಲಂತೂ ಚಿಕ್ಕಂದಿನಲ್ಲಿ ಕಾಲುಬೆರಳು ಮುರಿದದ್ದರಿಂದ ಶುರುಮಾಡಿದರು. "ಸಾರ್, ಬೆರಳು ಬಿಡಿ, ಹೃದಯ ಸಾಕು" ಎಂದು ಆಕೆ ಬೇಡಿಕೊಳ್ಳಬೇಕಾಯಿತು. ಕಂಪನಿಯವರು ಮೊದಲು ಹಿಂದೇಟು ಹಾಕಿದರು. ಮೆಟ್ಟಿಲಮ್ಮ ಫೋನಿನಲ್ಲಿ ಅವರ ಜೊತೆ ಹೋರಾಡಿದ್ದನ್ನು ನಾನು ಕಣ್ಣಾರೆ ಕಂಡೆ: "ಮುಚ್ಚಿಟ್ರೆ ಸುಳ್ಳು ಹೇಳಿದ್ರಿ ಅಂತೀರಿ. ಬಿಚ್ಚಿ ಹೇಳಿದ್ರೆ ಬಾಗಿಲು ಹಾಕ್ತೀರಿ. ಹಾಗಾದ್ರೆ ಜನ ಏನು ಮಾಡಬೇಕು, ಹುಟ್ಟಿದ ದಿನವೇ ಪ್ರಯಾಣ ಮಾಡಬೇಕಾ?" ಡಾಕ್ಟರ ಪತ್ರ ಹೋಯಿತು, ಮತ್ತೊಂದು ಹೋಯಿತು, ಮತ್ತೆ ಫೋನು ಹೋಯಿತು. ಕೊನೆಗೆ ಅವರು ಸ್ವಲ್ಪ ಹೆಚ್ಚಿಗೆ ತೆಗೆದುಕೊಂಡು, ಹೃದಯವನ್ನೂ ಸೇರಿಸಿಕೊಂಡು ಒಪ್ಪಿದರು. ಇಷ್ಟು ಒದ್ದಾಟಕ್ಕೆ ಆಕೆಗೆ ಸಿಕ್ಕಿದ್ದು ಒಂದು ಟಿಕೆಟ್ಟಿನ ಕಮಿಷನ್ನು. ಅದನ್ನು ಎತ್ತಿ ಹೇಳಿದ್ದಕ್ಕೆ, "ಅವರ ಮೊದಲನೇ ಟಿಕೆಟ್ ನಾನು ಕಣ್ಣು ಮುಚ್ಚಿಕೊಂಡು ಕೊಟ್ಟಿದ್ದಲ್ವಾ" ಎಂದು ಮಾತು ಮುಗಿಸಿದರು.

ಭಾವ ಹೊರಟರು. ನಿಲ್ದಾಣದಲ್ಲಿ ಗಾಲಿಕುರ್ಚಿ ಬೇಡವೇ ಬೇಡ ಎಂದು ಹಠ ಹಿಡಿಯುತ್ತಾರೆಂದು ನಾನು ವಾದಕ್ಕೆ ಸಿದ್ಧನಾಗಿ ಹೋಗಿದ್ದೆ. ಅವರು ಸಿಂಹಾಸನ ಏರುವಂತೆ ಏರಿ ಕುಳಿತು, ತಳ್ಳುವವನಿಗೆ ದಾರಿ ತೋರಿಸುತ್ತ ಒಳಗೆ ಹೋದರು.

ಮಾರನೆಯ ದಿನ ಅಕ್ಕನ ಫೋನು ಬಂತು. ಸುದ್ದಿ ಹೇಳಲು ನಾನು ಮೆಟ್ಟಿಲಮ್ಮನ ಕಟ್ಟಡಕ್ಕೆ ಹೋದೆ. ಮೂರು ಮಹಡಿ ಹತ್ತುವ ಕಷ್ಟವಾಗಲಿಲ್ಲ, ಆಕೆ ಬೀದಿಬಾಗಿಲಲ್ಲೇ ಇದ್ದರು. ಭಾವನ ಪ್ರಕರಣದ ನಂತರ ಆಕೆ ಮೇಲೆ ನಿಂತು ಕೇಳುವುದನ್ನು ಬಿಟ್ಟಿದ್ದಾರೆ. ಪ್ರತಿ ಗಿರಾಕಿಗೂ ಕೆಳಗಿಳಿದು ಬಂದು, ಮಾತಾಡಿಸುತ್ತ, ಜೊತೆಯಲ್ಲೇ ಹತ್ತುತ್ತಾರೆ. ಆಕೆಯ ಮಂಡಿನೋವು ನಿಜವಾದದ್ದೇ. ದಿನಕ್ಕೆ ಎಷ್ಟು ಸಲ ಇಳಿದು ಹತ್ತುತ್ತಾರೋ ಆ ಮಂಡಿಗೇ ಗೊತ್ತು. ಬಂದವರು ಮಾತ್ರ, ಎಷ್ಟು ಮರ್ಯಾದೆಯ ಹೆಂಗಸು, ನಮ್ಮನ್ನು ಎದುರುಗೊಳ್ಳಲು ಕೆಳಗಿನವರೆಗೆ ಬಂದರಲ್ಲ ಎಂದು ಹಿಗ್ಗುತ್ತಾರೆ.

ಅವತ್ತು ಗಂಡ ಹೆಂಡತಿಯ ಒಂದು ವೃದ್ಧ ಜೋಡಿ ಬಂದಿತ್ತು. ಗಂಡ ಮಡಿಕೆ ಮುರಿಯದ ಅಂಗಿ ತೊಟ್ಟು ಎದೆ ಉಬ್ಬಿಸಿಕೊಂಡು ನಿಂತಿದ್ದ. ಮೆಟ್ಟಿಲಮ್ಮ ನನ್ನನ್ನು ಕಂಡು ಹುಬ್ಬಿನಲ್ಲೇ ಕೇಳಿದರು.

"ತಲುಪಿದ್ರು," ಎಂದೆ.

"ಉಸಿರು?"

"ಸಲೀಸು."

"ಮಗು?"

"ಭಾವನ ಎದೆ ಮೇಲೆ ಮಲಗಿ ನಿದ್ದೆ ಹೋಗಿದೆಯಂತೆ. ಮಿಸುಕಾಡೋ ಹಾಗಿಲ್ಲ, ಗಂಟೆಗಟ್ಲೆ ಹಾಗೇ ಕೂತಿದ್ದಾರಂತೆ. ಅಕ್ಕ ಬಡಿಸಿದ ಊಟ ಆರಿ ಹೋಗ್ತಿದೆಯಂತೆ."

ಮೆಟ್ಟಿಲಮ್ಮ ಒಂದು ಕ್ಷಣ ಗೋಡೆಗೆ ಕೈಯಿಟ್ಟು ನಿಂತರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಮುದುಕನ ಪಕ್ಕಕ್ಕೆ ಬಂದು ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟು, ಆತನ ಹೆಂಡತಿಯ ಕಡೆ ಕೈತೋರಿಸಿ ಕೇಳಿದರು: "ಹೇಳಿ ಯಜಮಾನ್ರೇ, ಇವರನ್ನ ನೀವು ಮೊದಲು ನೋಡಿದ್ದು ಎಲ್ಲಿ?"